ತಪ್ಪಿದ್ರ ಇನ್ನೊಂದು ಸುತ್ತು

ಹೋದ ಶನಿವಾರ ಸಂಜಿಮುಂದ ಭಕ್ರಿಗೆ ಹಿಟ್ಟು ನಾದಕೋತ ನಿಂತಿದ್ದೆ, ಫೋನ್ ಬಂತು. ನೋಡಿದ್ರ ನಮ್ಮ ಅಕ್ಕನ ಮಗಳು. ಆಕಿ ಮದುವಿ ಆಗಿ ಈ ಇಂಗ್ಲೆಂಡಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಕೈಯೆಲ್ಲಾ ಹಿಟ್ಟು, ಮೊಣಕೈಲೇ ಸ್ಪೀಕರ್ ಒತ್ತಿದೆ. "ಮೌಶಿ, ನಾ ಇನ್ನ ಕಾರ್ ಕಲಿಯೂದಿಲ್ಲ. ಮುಗೀತು" ಅಂದ್ಲು. ದನಿ ನಡಗತಿತ್ತು.

ಏನಾತು ಅಂದ್ರ, ಡ್ರೈವಿಂಗ್ ಕ್ಲಾಸಿನಾಗ ಒಂದು ದೊಡ್ಡ ರೌಂಡ್‌ಅಬೌಟಿನಾಗ ಹೊಕ್ಕಾಳ. ಎಡಗಡೆ ದಾರಿಯಿಂದ ಒಂದು ಕಾರು ಬಂದು ನಿಂತದ. ಪಾಪ ಅವರು ಕಾಯಾಕತ್ಯಾರ ಅಂತ ಈಕಿ ಸುತ್ತಿನ ನಟ್ಟನಡುವ ಬ್ರೇಕ್ ಹಾಕಿ, "ಹೋಗ್ರಿ ಹೋಗ್ರಿ" ಅಂತ ಕೈ ಮಾಡ್ಯಾಳ. ಹಿಂದಿನ ವ್ಯಾನಿನವ ಮೈಮ್ಯಾಲೆ ಬಂದಂಗ ಬಂದು ಹಾರ್ನ್ ಹೊಡದಾನ. ಕಲಿಸಾಂವ ತನ್ನ ಕಡೆ ಪೆಡಲ್ ಒತ್ತಿ, ಅದನ್ನ ಹಿಡದು, ಹೊರಗ ತಂದು ನಿಲ್ಲಿಸಿ, "ಇವತ್ತಿಗೆ ಸಾಕು" ಅಂದನಂತ.

"ನಾ ಒಳ್ಳೇದ ಮಾಡಾಕ ಹೋಗಿದ್ದೆ ಮೌಶಿ" ಅಂದ್ಲು.

ಹೌದವಾ, ನೀ ಒಳ್ಳೇದ ಮಾಡಾಕ ಹೋಗಿದ್ದಿ. ನಮ್ಮನ್ನೆಲ್ಲಾ ಹಂಗ ಬೆಳಸ್ಯಾರ. ಎದರಿಗೆ ಯಾರರ ಬಂದ್ರ ಸರದು ನಿಂತು ದಾರಿ ಬಿಡೂದು, ಮೊದಲ ಅವರಿಗೆ ಬಡಸೂದು, ಆಮ್ಯಾಲೆ ನಾವು. ಆದರ ರೌಂಡ್‌ಅಬೌಟಿನಾಗ ಆ ಶಾಣ್ಯಾತನ ನಡಿಯೂದಿಲ್ಲ. ಆವತ್ತ ರಾತ್ರಿ ಆಕಿಗೆ ಒಂದು ತಾಸು ಫೋನಿನಾಗ ಹೇಳಿದೆ. ಕಡೀಕೆ ಆಕಿ, "ಇದನ್ನೆಲ್ಲಾ ಬರದು ಇಡು ಮೌಶಿ, ನೀ ಹೇಳಿದಂಗ ಬರಿ, ಪುಸ್ತಕದಾಗಿನ ಹಂಗ ಬ್ಯಾಡ" ಅಂದ್ಲು. ಅದಕ್ಕ ಬರ್ಯಾಕತ್ತೇನಿ. ಧಾರವಾಡದಾಗ ಆಕ್ಟಿವಾ ಓಡಸೂ ನಮ್ಮ ತಂಗಿಗೂ, ಬಾಜೂ ಮನಿ ವೈನಿಗೂ (ಅವರು ಮೂರು ಸಲ ಟೆಸ್ಟ್ ಕೊಟ್ಟು ಬಿಟ್ಟಾರ, ಹೆಸರು ಹೇಳೂದಿಲ್ಲ) ಇದು ಓದಲಿಕ್ಕೆ ಬೇಕು.

ನಾವು ಇರೂ ಊರು ಮಿಲ್ಟನ್ ಕೀನ್ಸ್. ಲಂಡನ್ನಿನ ಮ್ಯಾಲೆ ಉತ್ತರಕ್ಕ ಅದ. 1967ರಾಗ ಇಲ್ಲೆ ಹೊಸಾ ಊರು ಕಟ್ಟೂದು ಅಂತ ಸರಕಾರ ಗೊತ್ತು ಮಾಡಿ, ಕಾಗದದ ಮ್ಯಾಲೆ ಗೆರಿ ಎಳದು ಕಟ್ಯಾರ. ಅಡ್ಡ ರೋಡಿಗೆ ಎಚ್, ಉದ್ದ ರೋಡಿಗೆ ವಿ, ಮುಂದ ಒಂದು ನಂಬರು. ಎಚ್ ಆರು, ವಿ ಏಳು, ಹಿಂಗ. ಅಡ್ಡ ರೋಡು ಉದ್ದ ರೋಡು ಕೂಡಿದಲ್ಲೆಲ್ಲಾ ಸಿಗ್ನಲ್ ಹಾಕೂದ ಬಿಟ್ಟು ರೌಂಡ್‌ಅಬೌಟ್ ಮಾಡ್ಯಾರ. ಊರ ತುಂಬ ನೂರಕ್ಕಿಂತ ಜಾಸ್ತಿ ಅವ. ಹಾಲು ತರಾಕ ಹೋದ್ರ ಮೂರು, ಮಗಳನ್ನ ಸಾಲಿಗೆ ಬಿಟ್ಟು ಬರಾಕ ನಾಕು. ನಾನು ಬಂದ ಹೊಸದಾಗ ಇವರ ಬಾಜೂ ಸೀಟಿನಾಗ ಕೂತು ತಿರಗಿ ತಿರಗಿ ತಲಿ ಸುತ್ತು ಬಂದು, ಕವರ್ ಹಿಡಕೊಂಡ ಕೂಡತಿದ್ದೆ.

ನಮ್ಮ ಅತ್ತಿಯವರು ಒಮ್ಮೆ ಬಂದಾಗ ಮಾತ್ರ ಅವರಿಗೆ ಭಾಳ ಸೇರಿತ್ತು. ಹಿಂದಿನ ಸೀಟಿನಾಗ ಕೂತು, ಪ್ರತಿ ಸುತ್ತಿಗೂ ಕೈ ಮುಗೀತಿದ್ರು. ಯಾಕಂತ ಕೇಳಿದ್ರ, "ಬಲಕ್ಕ ಹಾಕ್ಕೊಂಡು ಸುತ್ತತಾರಲ್ಲವಾ, ಪ್ರದಕ್ಷಿಣಿ ಆತಲ್ಲ" ಅಂದ್ರು. ನೋಡಿದ್ರ ಖರೇನ. ಇಲ್ಲೆನೂ ನಮ್ಮಂಗ ಎಡಕ್ಕ ಓಡಸ್ತಾರ, ಹಿಂಗಾಗಿ ನಡುವಿನ ಕಟ್ಟಿ ಯಾವಾಗಲೂ ಬಲಗೈಗೆ ಇರ್ತದ. ಗುಡ್ಯಾಗ ದೇವರನ್ನ ಬಲಕ್ಕ ಇಟ್ಟುಕೊಂಡು ತಿರಗಿಧಂಗ. ಅಮೆರಿಕಾದಾಗ ಬಲಕ್ಕ ಓಡಸ್ತಾರ, ಅಲ್ಲೆ ಉಲ್ಟಾ ತಿರಗತಾರ ಅಂತ ಹೇಳಿದ್ದಕ್ಕ "ಅವರದೇನೋ ಅವರಿಗೆ" ಅಂದು ಸುಮ್ಮನಾದ್ರು.

ಆವಾಗ ನನಗ ಕಾರು ಬರ್ತಿರಲಿಲ್ಲ. ಧಾರವಾಡದಾಗ ಅಪ್ಪನ ಸ್ಕೂಟರ್ ಹಿಂದ ಕೂತು ಜುಬ್ಲಿ ಸರ್ಕಲ್ ದಾಟಿದ್ದಷ್ಟ ನನ್ನ ಅನುಭವ. ಇವರು ಯಾವಾಗ ಕೇಳಿದ್ರೂ, "ನಿನಗ್ಯಾಕ ಬೇಕು ಆ ತ್ರಾಸು, ನಾ ಇದ್ದೇನಲ್ಲ" ಅಂತಿದ್ರು. ಪ್ರೀತಿಲೇ ಅಂತಿದ್ರು, ಸುಳ್ಳು ಹೇಳೂದಿಲ್ಲ. ಆದರ ಒಂದು ಕೊತ್ತಂಬರಿ ಕಟ್ಟು ಬೇಕಾದ್ರೂ ಅವರ ಮೀಟಿಂಗ್ ಮುಗಿಯೂತನಕ ಕಾಯಬೇಕಾಗ್ತಿತ್ತು. ನಾಲ್ವತ್ತೊಂದನೇ ವರ್ಷಕ್ಕ ನಾ ಹಟಾ ಮಾಡಿ ಕಲಿಯಾಕ ಹೋದೆ.

ನನಗ ಕಲಿಸಿದಾಕಿ ಅರವತ್ತು ದಾಟಿದ ಇಲ್ಲಿಯ ಹೆಣಮಗಳು. ಭಾಳ ಮಾತಾಡ್ತಿರಲಿಲ್ಲ. ಮೊದಲನೇ ದಿವಸ ಒಂದು ಕಾಗದದ ಮ್ಯಾಲೆ ಗಡಿಯಾರ ಬರದ್ಲು. "ನೀ ಬರೂ ದಾರಿ 6. ನಿನ್ನ ಎದರಿಗೆ ನೆಟ್ಟಗಿರೂ ದಾರಿ 12. ಗಾಡಿ ಮುಳ್ಳಿನಂಗ ತಿರಗತದ. ಹಂಗಾದ್ರ ಎಡಕ್ಕಿರೂ ದಾರಿ ಎಷ್ಟು?" ಅಂದ್ಲು. 9. "ಬಲಕ್ಕ?" 3. ಅಷ್ಟ. ನೀ ಹೊರಗ ಬೀಳೂ ದಾರಿ 12ರ ತನಕ ಇದ್ರ ಎಡಗಡೆ ಲೇನ್ ಹಿಡಿ. 12 ದಾಟಿ ಹೋಗೂದಿದ್ರ ಬಲಗಡೆ ಲೇನ್. ಹೊಳ್ಳಿ ಬಂದ ದಾರಿಗೇ ಹೋಗೂದಿದ್ರೂ ಬಲಗಡೆ.

ನನಗ ತಲಿಗೆ ಹೋಗಿದ್ದು ಮಾತ್ರ ಗಡಿಯಾರದಿಂದ ಅಲ್ಲ. ನುಗ್ಗಿಕೇರಿ ಹನಮಪ್ಪನಿಂದ. ಶನಿವಾರ ಅಲ್ಲೆ ಹೋದಾವರಿಗೆ ಗೊತ್ತದ, ಎಷ್ಟು ಮಂದಿ ಇರ್ತಾರ ಅಂತ. ಹನ್ನೊಂದು ಸುತ್ತು ಬೇಡ್ಕೊಂಡಾವರು ಗ್ವಾಡಿ ಹತ್ತಿ ಒಳಗ ತಿರಗತಾರ. ಒಂದು ಸುತ್ತು ಹಾಕಿ ಹೊರಗ ಹೋಗಾವರು ಹೊರಗಿನ ಸಾಲಿನಾಗ ಇರ್ತಾರ. ಒಳಗ ಇದ್ದಾಕಿ ಒಮ್ಮಿಂದೊಮ್ಮೆಲೆ ಚಪ್ಪಲಿ ಕಡೆ ಹೊಂಟ್ರ ಏನಾಗ್ತದ? ಹೊರಗಿನಾಕಿ ಕಾಲ ಮ್ಯಾಲೆ ಬೀಳ್ತಾಳ, ಕಾಯಿ ತಾಟು ನೆಲಕ್ಕ. ಹೊರಗ ಹೋಗೂ ಮೊದಲ ಮೆಲ್ಲಕ ಸರಕೋತ ಹೊರ ಸಾಲಿಗೆ ಬರಬೇಕು, ಎಡಕ್ಕ ಒಂದು ಕಣ್ಣು ಇಟಗೊಂಡು. ರೌಂಡ್‌ಅಬೌಟಿನ ಲೇನ್ ಅಂದ್ರ ಇಷ್ಟ. ಒಳಗ ಹೊಗೂ ಮೊದಲ ಎಲ್ಲೆ ಹೊರಗ ಬೀಳಾಕಿ ಅಂತ ಗೊತ್ತಿರಬೇಕು. ಒಳಗ ಹೋದ ಮ್ಯಾಲೆ ವಿಚಾರ ಮಾಡ್ತೇನಿ ಅಂದ್ರ ತಡಾ ಆಗಿರ್ತದ.

ಇನ್ನ ಇಂಡಿಕೇಟರ್. ಎಡಕ್ಕ ಮೊದಲನೇ ದಾರಿಗೇ ಹೋಗೂದಿದ್ರ ಬರೂವಾಗಿಂದನ ಎಡಾ ಹಾಕಿ. ನೆಟ್ಟಗ ಹೋಗೂದಿದ್ರ ಬರೂವಾಗ ಏನೂ ಹಾಕಬ್ಯಾಡ್ರಿ. ನಿಮ್ಮ ದಾರಿಗಿಂತ ಮೊದಲಿನ ದಾರಿ ದಾಟಿದ ಕೂಡಲೇ ಎಡಾ ಹಾಕಿ. ಬಲಕ್ಕ ಹೋಗೂದಿದ್ರ ಬರೂವಾಗ ಬಲಾ ಹಾಕ್ಕೊಂಡ ಬಂದು, ಮೊದಲಿನ ದಾರಿ ದಾಟಿದ ಮ್ಯಾಲೆ ಎಡಾಕ್ಕ ಬದಲಿ ಮಾಡಿ. ಎಲ್ಲಾರೂ ಕಡೀಕೆ ಹೊರಗ ಬೀಳೂದು ಎಡಾ ತೋರಿಸೇ. ಮನಿಂದ ಹೊರಗ ಹೋಗೂವಾಗ "ಹೋಗಿ ಬರ್ತೇವ್ರಿ" ಅಂತ ಹೇಳಿ ಹೋದಂಗ.

ಮತ್ತ ಎಲ್ಲಾಕ್ಕಿಂತ ದೊಡ್ಡದು, ಬಲಗಡೆಯಿಂದ ಬರಾವರಿಗೆ ದಾರಿ. ಒಳಗ ತಿರಗಾಕತ್ತಿದಾವರು ಮೊದಲ, ಹೊರಗ ಕಾಯಾವರು ಆಮ್ಯಾಲೆ. ಈ ಕಾಯದೆ ಇಂಗ್ಲೆಂಡಿನಾಗ ಬಂದದ್ದು 1966ರಾಗ. ಸುತ್ತುಗಳು ಅದಕ್ಕಿಂತ ಮೊದಲ ಇದ್ವು, ಲೆಚ್‌ವರ್ಥ್ ಅನ್ನೂ ಊರಾಗ 1909ರ ಸುಮಾರಿಗೆ ಕಟ್ಟಿದ್ದು ಈ ದೇಶದ ಮೊದಲಿಂದು ಅಂತಾರ. ಆದರ ಯಾರು ಮೊದಲ ಅನ್ನೂದು ಗಟ್ಟಿ ಇಲ್ಲದಾಗ ಹೊರಗಿನಾವರು ನುಗ್ಗಿ ನುಗ್ಗಿ ಒಳಗಿನಾವರು ಹೊರಗ ಬೀಳಲಾರದಂಗ ಸಿಕ್ಕಿ ಬೀಳತಿದ್ರು. ಒಳಗಿನಾವರನ್ನ ಮೊದಲ ಬಿಡ್ರಿ ಅಂತ ಮಾಡಿದ ಮ್ಯಾಲೆ ಗಂಟು ಬಿಚ್ಚಿತು. ನಮ್ಮ ಅಕ್ಕನ ಮಗಳು ಮಾಡಿದ್ದು ಆ ಗಂಟು ಮತ್ತ ಹಾಕೂ ಕೆಲಸ. ಒಳಗ ನಿಂತು ಹೊರಗಿನಾವರಿಗೆ ದಾರಿ ಕೊಟ್ರ, ಹಿಂದ ಇದ್ದಾಂವಗ ಅದು ಕನಸಿನಾಗೂ ಬಂದಿರೂದಿಲ್ಲ. ಅಂವಾ ಬಂದು ಗುದ್ದತಾನ. ಹಿಂಗಾಗಿ ಉಪಕಾರ ಮಾಡೂದು ಅಂದ್ರ, ಎಲ್ಲಾರೂ ನಿಮ್ಮಿಂದ ಏನು ತಿಳಕೊಂಡಿರ್ತಾರೋ ಅದನ್ನ ಮಾಡೂದು.

ಇಷ್ಟೆಲ್ಲಾ ಕಲತು ನಾ ಟೆಸ್ಟಿಗೆ ಹೋದೆ, ಫೇಲಾದೆ. ಇಲ್ಲೆ ಟೆಸ್ಟಿನಾಗ ಸಣ್ಣ ತಪ್ಪು 15ರ ತನಕ ಮಾಫು. ದೊಡ್ಡ ತಪ್ಪು ಒಂದಾದ್ರೂ ಮುಗೀತು. ನಂದು ಸಣ್ಣವು ನಾಕ ಇದ್ವು. ದೊಡ್ಡದೊಂದು, ರೌಂಡ್‌ಅಬೌಟಿನಾಗ. ನೆಟ್ಟಗ ಹೋಗಬೇಕಾಗಿತ್ತು. ಗಡಿಯಾರದ ಪಾಠ ನೆನಸಕೊಂಡು ಎಡಗಡೆ ಲೇನ್ ಹಿಡದೆ. ಆದರ ಆ ರೌಂಡ್‌ಅಬೌಟಿನಾಗ ಎಡಗಡೆ ಲೇನಿನ ಮ್ಯಾಲೆ ಬಿಳೇ ಬಣ್ಣದಾಗ ಎಡಕ್ಕಷ್ಟ ಬಾಣ ಬರದಿದ್ರು. ನೆಟ್ಟಗ ಹೋಗಾವರೂ ಬಲಗಡೆ ಲೇನಿಗೆ ಹೋಗಬೇಕಿತ್ತು. ಬಾಣ ಕಂಡಿದ್ದು ಅದರ ಮ್ಯಾಲೆ ಟೈರ್ ಬಂದಾಗ. ಗಾಬರಿ ಆಗಿ ಬಲಕ್ಕ ಹೊಳ್ಳಿಸಿದೆ. ಬಲಗಡೆ ಇದ್ದ ಕಾರು ಬ್ರೇಕ್ ಹಾಕ್ತು. ಪರೀಕ್ಷಾ ಮಾಡಾಂವ ಏನೂ ಅನಲಿಲ್ಲ, ಹಾಳಿ ಮ್ಯಾಲೆ ಒಂದು ಗೆರಿ ಎಳದ.

ಮನಿಗೆ ಬಂದು ಅತ್ತೆ. ನಮ್ಮ ಕಲಿಸಾಕಿಗೆ ಫೋನ್ ಮಾಡಿದ್ರ, ಆಕಿ ಕೇಳಿದ್ದು ಒಂದ ಮಾತು: "ಲೇನ್ ತಪ್ಪು ಹಿಡದಿದ್ದಕ್ಕ ಫೇಲ್ ಮಾಡಿಲ್ಲ ಅವರು, ಗೊತ್ತದ ಇಲ್ಲೋ?" ನಂಗ ಗೊತ್ತಿರಲಿಲ್ಲ. ತಪ್ಪು ಲೇನ್ ಹಿಡದದ್ದು ಸಣ್ಣ ತಪ್ಪು. ಅದನ್ನ ಸುಧಾರಸಾಕ ಹೋಗಿ ಬಲಕ್ಕ ಹೊಳ್ಳಿಸಿದ್ದು ದೊಡ್ಡ ತಪ್ಪು. ಆ ಲೇನಿನಾಗೇ ಎಡಕ್ಕ ಹೋಗಿ ಬಿಟ್ಟಿದ್ರ, ಮುಂದ ಎಲ್ಲೆರೆ ಹೊಳ್ಳಿ ಬಂದಿದ್ರ, ಪಾಸಾಗ್ತಿದ್ದಿ ಅಂದ್ಲು. ಅಡಗಿಗೆ ಉಪ್ಪು ಜಾಸ್ತಿ ಆತು ಅಂತ ಗಾಬರಿ ಆಗಿ ಸಕ್ರಿ, ಹುಳಿ, ಖಾರ ಎಲ್ಲಾ ಸುರವಿ ಪೂರಾ ಕೆಡಸ್ತೇವಲ್ಲ, ಹಂಗ.

ಅವತ್ತಿನಿಂದ ನಾ ಗಡಿಯಾರಕ್ಕ ಎರಡನೇ ಜಾಗಾ ಕೊಟ್ಟೇನಿ. ಮೊದಲನೇ ಜಾಗಾ ರೋಡಿನ ಮ್ಯಾಲಿನ ಬಾಣಕ್ಕ ಮತ್ತ ಬೋರ್ಡಿಗೆ. ಬಾಣ ಇಲ್ಲದಲ್ಲಿ ಗಡಿಯಾರ. ಬೋರ್ಡು ದೂರದಿಂದನ ಕಾಣಸ್ತದ, ಆವಾಗ ಓದಬೇಕು. ಬಾಣದ ಮ್ಯಾಲೆ ಮುಂದಿನ ಗಾಡಿ ನಿಂತು ಮುಚ್ಚಿರಬಹುದು.

ಎರಡನೇ ಸಲ ಪಾಸಾದೆ. ಪೇಢೇ ಹಂಚಿದೆ. ಆಮ್ಯಾಲೆ ಏನ್ ಮಾಡಿದೆ ಕೇಳ್ರಿ. ಎರಡು ವರ್ಷ ಎಡಕ್ಕಷ್ಟ ತಿರಗಿದೆ! ಖರೇ ಹೇಳ್ತೇನಿ. ಅಂಗಡಿಗೆ ಹೋಗೂದಿದ್ರ ಎಡಾ, ಎಡಾ, ಮತ್ತ ಎಡಾ. ಹೊಳ್ಳಿ ಬರೂವಾಗ ಬ್ಯಾರೆ ದಾರಿಲೇ ಎಡಾ ಎಡಾ. ಹತ್ತು ನಿಮಿಷದ ದಾರಿಗೆ ಇಪ್ಪತ್ತೈದು ನಿಮಿಷ. ದೂರ ಹೋಗೂದಿದ್ರ ಇವರಿಗೆ ಕೀಲಿ ಕೊಟ್ಟು ಬಾಜೂ ಕೂಡತಿದ್ದೆ. ನಾ ಓಡಿಸಿದ್ರೂ ಇವರು ಬಾಜೂ ಕೂತು "ಬಲಗಡೆ ಲೇನ್ ಹಿಡಿ, ಈಗ ಹೋಗು, ಈಗ ಎಡಾ ಹಾಕು" ಅಂತಿದ್ರು, ನಾ ಮಾಡತಿದ್ದೆ. ಸ್ಟೇರಿಂಗ್ ನನ್ನ ಕೈಯಾಗ, ಕಣ್ಣು ಅವರವು.

ಆ ಕಣ್ಣಿಗೇ ಬಂತು. ಮೂರು ವರ್ಷದ ಹಿಂದ, ನವೆಂಬರದಾಗ. ಮುಂಜಾನೆ ಚಾ ಕುಡಿಯೂವಾಗ ಇವರು, "ಬಲಗಣ್ಣಿನಾಗ ಒಂದು ಕರೇ ಪರದೆ ಇಳದಂಗ ಕಾಣಸ್ತದ" ಅಂದ್ರು. ಹಿಂದಿನ ದಿವಸದಿಂದ ಮಿಂಚು ಹೊಡದಂಗ ಆಗಾಕತ್ತಿತ್ತಂತ, ಹೇಳಿರಲಿಲ್ಲ. ಕಣ್ಣಿನ ಹಿಂದಿನ ಪರದೆ ಬಿಟ್ಟುಕೊಂಡದ, ತಡಾ ಮಾಡಬ್ಯಾಡ್ರಿ ಅಂದು ಆಕ್ಸ್‌ಫರ್ಡಿಗೆ ಕಳಿಸಿದ್ರು. (ನಿಮಗ್ಯಾರಿಗರೆ ಹಿಂಗ ಮಿಂಚು, ಕರೇ ಚುಕ್ಕಿ, ಪರದೆ ಕಂಡ್ರ ಅವತ್ತ ಹೋಗ್ರಿ, ನಾಳೆ ಅನಬ್ಯಾಡ್ರಿ. ಇದು ರೌಂಡ್‌ಅಬೌಟಿಗಿಂತ ಮುಖ್ಯ.)

ಆಪರೇಶನ್ ಮಾಡಿ ಕಣ್ಣಾಗ ಗ್ಯಾಸಿನ ಗುಳ್ಳಿ ಹಾಕಿದ್ರು. ಅದು ಪರದೆಯನ್ನ ಒತ್ತಿ ಹಿಡೀಬೇಕಂದ್ರ ಇವರು ತಲಿ ಕೆಳಗ ಮಾಡ್ಕೊಂಡ ಇರಬೇಕು. ಉಣ್ಣೂದನ್ನ ಬಿಟ್ಟರ ಉಳದ ಹೊತ್ತೆಲ್ಲಾ ನೆಲಾ ನೋಡಕೋತ. ಗುಳ್ಳಿ ಕರಗೂತನಕ ವಿಮಾನ ಹತ್ತೂಹಂಗಿಲ್ಲ, ಗಾಡಿ ಓಡಸೂಹಂಗಿಲ್ಲ. ಮಾರನೇ ದಿವಸ ಮತ್ತ ತೋರಸಾಕ ಬರ್ರಿ ಅಂದ್ರು.

ಒಂದು ತಾಸಿನ ದಾರಿ. ಎಡಾ ಎಡಾ ಮಾಡಕೋತ ಆಕ್ಸ್‌ಫರ್ಡ್ ಮುಟ್ಟಾಕ ಆಗೂದಿಲ್ಲ. ಇವರು ಹಿಂದಿನ ಸೀಟಿನಾಗ, ತೊಡಿ ಮ್ಯಾಲೆ ದಿಂಬು ಇಟಗೊಂಡು, ಅದರಾಗ ಮುಖಾ ಹುದಗಿಸಿ ಕೂತ್ರು. ಬೆಲ್ಟ್ ಹಾಕಿದೆ. ಕಾರು ಶುರು ಮಾಡಿದ ಮ್ಯಾಲೆ ನನಗ ತಿಳೀತು, ಇವತ್ತ ಲೇನ್ ಹೇಳಾವರು ಯಾರೂ ಇಲ್ಲ.

ನಮ್ಮ ಊರಿನವು ಹ್ಯಾಂಗೋ ದಾಟಿದೆ. ಬಕಿಂಗ್‌ಹ್ಯಾಮ್ ಅನ್ನೂ ಊರಿನ ಹೊರಗಿನವೂ ದಾಟಿದೆ. ಆಕ್ಸ್‌ಫರ್ಡಿನ ಸುತ್ತ ರಿಂಗ್ ರೋಡ್ ಅದ, ಅಲ್ಲೆ ಒಂದು ದೊಡ್ಡದು ಬಂತು. ಬೋರ್ಡಿನ ಮ್ಯಾಲೆ ಐದೋ ಆರೋ ಹೆಸರು. ಬಲಗಡೆ ಲೇನ್ ಹಿಡದು ಒಳಗ ಹೊಕ್ಕೆ. ನಮ್ಮ ದಾರಿ ಬಂತು, ಎಡಾ ಹಾಕಿ ಕನ್ನಡಿ ನೋಡಿದೆ, ಬಾಜೂ ಲೇನಿನಾಗ ಒಂದು ಕಾರು ನನ್ನ ಸಮಾಸಮ ಅದ. ಬಿಡಲಿಲ್ಲ. ದಾರಿ ಹೋತು.

ಮೊದಲಿನ ನಾನು ಆಗಿದ್ರ ಹೊಳ್ಳಿಸಿ ಬಿಡತಿದ್ದೆ. ಟೆಸ್ಟಿನ ಮುಂಜಾನೆ ನೆನಪಾತು. ಹೋಗಲಿ ಅಂತ ಇಂಡಿಕೇಟರ್ ತಗದು ಒಳಗಿನ ಲೇನಿನಾಗ ಪೂರಾ ಇನ್ನೊಂದು ಸುತ್ತು ಹಾಕಿದೆ. ಎರಡನೇ ಸಲ ನಮ್ಮ ದಾರಿ ಹೆಸರು ಓದಾಕ ಹೋಗಿ ಒಂದು ದಾರಿ ಮೊದಲ ಅಂತ ತಿಳದು ತಡಾ ಮಾಡಿದೆ. ಮತ್ತ ಹೋತು.

ದಿಂಬಿನೊಳಗಿಂದ ದನಿ ಬಂತು: "ಎಲ್ಲೆ ಬಂದ್ವಿ?"

"ಇನ್ನೂ ಅಲ್ಲೇ ಇದ್ದೇವ್ರಿ."

ಒಂದು ಗಳಿಗಿ ಸುಮ್ಮನಿದ್ರು. "ಎಷ್ಟನೇ ಸುತ್ತು?"

"ಮೂರನೇದು."

"ಹನ್ನೊಂದು ಹಾಕು, ಹನಮಪ್ಪಗ ಮುಟ್ಟತಾವ" ಅಂದ್ರು.

ನನಗ ನಗು ಬಂತು, ಸಂಗಟ ಕಣ್ಣಾಗ ನೀರೂ ಬಂತು. ನಿನ್ನಿಂದ ಆ ಮನಷ್ಯಾ ಒಂದು ಹಗರ ಮಾತು ಆಡಿರಲಿಲ್ಲ. ಇನ್ನೊಂದು ಕಣ್ಣೂ ಹಿಂಗಾದ್ರ ಅಂತ ರಾತ್ರಿಯೆಲ್ಲಾ ನೆಲಾ ನೋಡಕೋತ ಕೂತಿದ್ರು. ಮೂರನೇ ಸುತ್ತಿನಾಗ ಹಿಂದಿನ ದಾರಿ ದಾಟಿದ ಕೂಡಲೇ ಎಡಾ ಹಾಕಿದೆ, ಕನ್ನಡಿ ನೋಡಿದೆ, ಹೆಗಲ ಮ್ಯಾಲಿಂದ ಒಂದು ಸಲ ಹೊಳ್ಳಿ ನೋಡಿದೆ, ಜಾಗಾ ಇತ್ತು, ಹೊರಗ ಬಿದ್ದೆ. ಹತ್ತು ನಿಮಿಷ ತಡಾ ಆಗಿ ಮುಟ್ಟಿದ್ವಿ. ಯಾರೂ ಏನೂ ಅನಲಿಲ್ಲ.

ಹೊಳ್ಳಿ ಬರೂವಾಗ ಮಳಿ. ಕತ್ತಲಿ ಬ್ಯಾರೆ, ನವೆಂಬರದಾಗ ಇಲ್ಲೆ ನಾಕೂವರಿಗೆ ದೀಪಾ ಹಚ್ಚಬೇಕು. ಒಂದು ಎರಡು ಲೇನಿನ ರೌಂಡ್‌ಅಬೌಟ್ ಬಂತು. ಎಡಗಡೆ ಲೇನಿನಾಗ ಒಂದು ಉದ್ದ ಲಾರಿ, ನಾ ಬಲಗಡೆ. ಲಾರಿ ಎಡಾನೂ ಹಾಕಿಲ್ಲ, ಬಲಾನೂ ಹಾಕಿಲ್ಲ. ಇಬ್ಬರಿಗೂ ಜಾಗಾ ಅದ, ಬಾಜೂಬಾಜೂ ಹೋಗಬಹುದು. ಹಿಂದಿನ ಕಾರಿನವ ನನ್ನ ಬೆನ್ನಿಗೇ ಹತ್ತಿದ್ದ, ಹೋಗು ಅನ್ನೂಹಂಗ. ಆದರ ನಮ್ಮ ಕಲಿಸಾಕಿ ಒಂದು ಮಾತು ಹೇಳಿದ್ಲು: ಉದ್ದ ಲಾರಿಗೆ ಸುತ್ತಿನಾಗ ಒಂದು ಲೇನ್ ಸಾಲೂದಿಲ್ಲ, ಮುಂದಿನ ಮಾರಿ ಒಂದು ಕಡೆ ಹೋಗ್ತದ, ಹಿಂದಿನ ಮೈ ಇನ್ನೊಂದು ಕಡೆ ಕೊಯ್ಯತದ. ಅದರ ಕನ್ನಡಿ ನಿನಗ ಕಾಣಲಿಲ್ಲ ಅಂದ್ರ ಅಂವಗ ನೀನೂ ಕಾಣೂದಿಲ್ಲ. ನಾ ನಿಂತೆ. ಲಾರಿ ಹೋಗಲಿ ಅಂತ ಬಿಟ್ಟೆ. ಹಿಂದಿನಾಂವ ಹಾರ್ನ್ ಹೊಡದ.

ಲಾರಿ ನೆಟ್ಟಗ ಹೊಂಟಿತು. ಸುತ್ತಿನ ಮೊದಲನೇ ತಿರುವಿನಾಗ ಅದರ ಹಿಂದಿನ ಮೈ ಸರಕೋತ ಸರಕೋತ ಬಲಗಡೆ ಲೇನಿನ ತುಂಬ ಬಂತು. ನಾ ಇರಬೇಕಾಗಿದ್ದ ಜಾಗಾ ಅದು. ಹಿಂದಿನ ಸೀಟಿನಾಗ ಇವರು ಮುಖಾ ಕೆಳಗ ಮಾಡಿ ಕೂತಿದ್ರು, ಕಣ್ಣಾಗ ಗುಳ್ಳಿ. ಅಲ್ಲೆ ಒಂದು ಸಣ್ಣ ಧಕ್ಕಿ ಹತ್ತಿದ್ರೂ ಏನಾಗ್ತಿತ್ತೋ. ಹಾರ್ನ್ ಹೊಡದಾಂವ ಆಮ್ಯಾಲೆ ಒಂದು ಮೈಲು ನನ್ನ ಹಿಂದ ಬಂದ, ಮತ್ತ ಒತ್ತಲಿಲ್ಲ.

ಮನಿಗೆ ಬಂದು ಕೈಕಾಲು ತೊಳಕೊಂಡು, ಅನ್ನಾ ಸಾರು ಮಾಡಿದೆ. ಇವರಿಗೆ ಲಾರಿ ಸುದ್ದಿ ಹೇಳಿದ್ದು ತಿಂಗಳಾದ ಮ್ಯಾಲೆ. ಕಣ್ಣು ಸುಧಾರಸ್ತು, ಪೂರಾ ಮೊದಲಿನಂಗ ಅಲ್ಲ, ಆದರ ಕಾಣಸ್ತದ. ಈಗ ಅವರೂ ಓಡಸ್ತಾರ. ರಾತ್ರಿ ಹೊತ್ತು ಮಾತ್ರ ಕೀಲಿ ನನ್ನ ಕೈಯಾಗ ಕೊಟ್ಟು ಬಾಜೂ ಕೂಡ್ತಾರ, ಲೇನ್ ಹೇಳೂದಿಲ್ಲ.

ಈಗ ಅಕ್ಕನ ಮಗಳಿಗೆ ಫೋನಿನಾಗ ಹೇಳಿದ್ದನ್ನ ಬರೀತೇನಿ. ಪುಸ್ತಕದಾಗಿನ ಕಾಯದೆ ಆಕಿ ಓದ್ಯಾಳ. ಇವು ಮನಿ ಮಾತು.

ಬಲಗಡೆಯಿಂದ ಬರೂ ಗಾಡಿ ಎಡಾ ಇಂಡಿಕೇಟರ್ ಹಾಕಿದ ಕೂಡಲೇ "ಅಂವಾ ಹೊರಗ ಹೊಂಟ" ಅಂತ ನುಗ್ಗಬ್ಯಾಡ. ಎಷ್ಟೋ ಮಂದಿ ಮರತು ಹಾಕ್ಕೊಂಡೇ ತಿರಗತಿರ್ತಾರ. ದೀಪಾ ಅಲ್ಲ, ಗಾಲಿ ನೋಡು. ಮುಂದಿನ ಗಾಲಿ ಹೊರಗ ಹೊಳ್ಳಿದ್ರ, ಗಾಡಿ ಹಗರಾದ್ರ ಖರೇ ಹೊಂಟ.

ಮುಂದಿನ ಕಾರು ಹೋತು ಅಂತ ತಿಳಕೊಂಡು, ಬಲಕ್ಕ ನೋಡಕೋತ ಗಾಡಿ ಬಿಡಬ್ಯಾಡ. ಅಂವಾ ಎರಡು ಮಾರು ಹೋಗಿ ಅಂಜಿ ಮತ್ತ ನಿಂತಿರ್ತಾನ, ನೀ ಹೋಗಿ ಬೆನ್ನಿಗೆ ಗುದ್ದತಿ. ಬಾಜೂ ಮನಿ ವೈನಿ ಗಾಡಿಯ ಮುಂದಿನ ಬಂಪರ್ ಹಿಂಗ ಹೋಗಿದ್ದು. ಬಲಕ್ಕ ನೋಡು, ಮುಂದ ನೋಡು, ಮತ್ತ ಬಲಕ್ಕ ನೋಡು, ಆಮ್ಯಾಲೆ ಕಾಲು ಎತ್ತು.

ಮುಂದಿನ ಗಾಜು ಮತ್ತ ಬಾಗಲದ ನಡುವ ಒಂದು ದಪ್ಪ ಕಂಬ ಇರ್ತದಲ್ಲ, ಅದರ ಹಿಂದ ಒಂದು ಸೈಕಲ್ ಪೂರಾ ಮುಚ್ಚತದ. ಕೂತಲ್ಲೇ ಸ್ವಲ್ಪ ಮುಂದ ಹಿಂದ ಬಗ್ಗಿ ನೋಡು. ಸೈಕಲ್ಲಿನವರು, ಕುದುರಿ ಮ್ಯಾಲಿನವರು (ಇಲ್ಲೆ ಕುದುರಿನೂ ಬರ್ತಾವ) ಬಲಕ್ಕ ಹೋಗೂದಿದ್ರೂ ಎಡಗಡೆ ಲೇನಿನಾಗೇ ಪೂರಾ ಸುತ್ತು ಹಾಕಬಹುದು. ಅವರು ಎಡಕ್ಕ ಇದ್ದಾರ ಅಂದ್ರ ಎಡಕ್ಕೇ ಹೋಗ್ತಾರ ಅಂತ ತಿಳೀಬ್ಯಾಡ. ಅವರನ್ನ ದಾಟಿ ಅಡ್ಡ ಬಂದು ಹೊರಗ ಬೀಳಬ್ಯಾಡ, ಹಿಂದ ಇರು.

ಬಾಜೂ ಲೇನಿನಾಗ ಯಾರ ಸಮಾಸಮಾನೂ ತಿರಗಬ್ಯಾಡ. ಒಂದೋ ಸ್ವಲ್ಪ ಮುಂದ, ಇಲ್ಲಾ ಸ್ವಲ್ಪ ಹಿಂದ. ಅವರಿಗೆ ತಮ್ಮ ಲೇನ್ ಗೊತ್ತಿರ್ತದ ಅನ್ನೂದು ಏನು ಗ್ಯಾರಂಟಿ? ನನಗ ಗೊತ್ತಿರಲಿಲ್ಲಲ್ಲ. ಮಳಿ ಇದ್ರ ಮುಂದಿನ ಗಾಡಿಗೂ ನಿನಗೂ ಎರಡಪಟ್ಟು ಅಂತರ ಬಿಡು.

ಇನ್ನ ಇಲ್ಲೆ ಸಣ್ಣ ಓಣ್ಯಾಗ ಮಿನಿ ರೌಂಡ್‌ಅಬೌಟ್ ಇರ್ತಾವ. ಕಟ್ಟಿ ಇಲ್ಲ, ಗಿಡಾ ಇಲ್ಲ, ನೆಲದ ಮ್ಯಾಲೆ ಒಂದು ಬಿಳೇ ಗುಂಡು. ಮಂದಿ ಅದರ ಮ್ಯಾಲೇ ಹಾಸಿ ಹೋಗ್ತಾರ. ಹಂಗ ಹೋಗಬಾರದು, ಸುತ್ತಿಕೊಂಡೇ ಹೋಗಬೇಕು, ದೊಡ್ಡ ಬಸ್ಸು ಲಾರಿಗೆ ಆಗದಿದ್ರ ಅಷ್ಟ ಮಾಫು. ನೀ ಮನಿ ಮುಂದಿನ ರಂಗೋಲಿ ತುಳೀತಿ ಏನು? ಹಂಗ ತಿಳ್ಕೊ. ಸ್ವಿಂಡನ್ ಅನ್ನೂ ಊರಾಗ 1972ರಾಗ ಇಂಥಾ ಐದು ಸಣ್ಣವನ್ನ ಒಂದು ದೊಡ್ಡದರ ಸುತ್ತ ಕೂಡಿಸಿ ಒಂದು ಮಾಡ್ಯಾರ, ನಡುವಿಂದು ಉಲ್ಟಾ ತಿರಗತದ. ಮ್ಯಾಲಿಂದ ತಗದ ಫೋಟೋ ನೋಡಿದ್ರ ನಮ್ಮ ಚುಕ್ಕಿ ರಂಗೋಲಿನ ಥೇಟ್. ಅಲ್ಲೂ ಒಂದ ಯುಕ್ತಿ: ಐದನ್ನೂ ಒಮ್ಮೆಲೆ ನೋಡಬ್ಯಾಡ, ಎದರಿಗಿರೂ ಒಂದನ್ನ ನೋಡು, ಬಲಕ್ಕ ದಾರಿ ಬಿಡು, ಅದು ಮುಗದ ಮ್ಯಾಲೆ ಇನ್ನೊಂದು.

ಇಷ್ಟು ತ್ರಾಸು ಇದ್ರೂ ಯಾಕ ಕಟ್ಟತಾರ ಅಂತ ಕೇಳಿದ್ಲು. ನಾಕು ದಾರಿ ನೆಟ್ಟಗ ಕೂಡೂ ಚೌಕಿನಾಗ ಗಾಡಿ ಗಾಡಿಗೆ ತಾಗಬಹುದಾದ ಜಾಗಾ 32 ಇರ್ತಾವ. ಒಂದು ಲೇನಿನ ಸುತ್ತಿನಾಗ ಎಂಟ. ಅದೂ ಎಲ್ಲಾರೂ ಹಗರಕ ಒಂದ ದಿಕ್ಕಿಗೆ ತಿರಗತಿರ್ತಾರ. ತಾಗಿದ್ರೂ ಬಾಜೂ ಸವರತದ, ಎದರಾಎದರಾ ಬಡಿಯೂದಿಲ್ಲ. ಬಾಗಲು ಹೋಗ್ತದ, ಜೀವಾ ಉಳೀತದ.

ಧಾರವಾಡದಾಗ ಇದೆಲ್ಲಾ ನಡೀತದ ಏನು ಅಂತ ತಂಗಿ ಕೇಳ್ಯಾಳ. ಹೋದ ವರ್ಷ ಆಕಿ ಆಕ್ಟಿವಾ ಹಿಂದ ಕೂತು ಹೋಗಿದ್ದೆ. ಹುಬ್ಬಳ್ಳಿಗೆ ಹೋದಾಗ ಚನ್ನಮ್ಮನ ಸರ್ಕಲ್ಲಿನಾಗ ಕುದುರಿ ಮ್ಯಾಲಿನ ರಾಣಿಯ ಸುತ್ತ ಬಸ್ಸು, ಟಂಟಂ, ಆಟೋ, ಒಂದು ಎಮ್ಮಿ. ಅಲ್ಲೆ ಬಲಗಡೆಯಾವರಿಗೆ ದಾರಿ ಬಿಡಕೋತ ನಿಂತ್ರ ಸಂಜಿ ಆಗ್ತದ, ಒಪ್ಪಿದೆ. ಆದರ ಲೇನ್ ಇಲ್ಲದಲ್ಲೂ ನಾಕು ಮಾತು ನಡೀತಾವ. ಒಳಗ ಹೊಗೂ ಮೊದಲ ಎಲ್ಲೆ ಹೊರಗ ಬೀಳಾಕಿ ಅಂತ ತಿಳ್ಕೊ. ದೂರ ಹೋಗೂದಿದ್ರ ಕಟ್ಟಿ ಹತ್ತಿ ತಿರಗು, ಹತ್ರ ಹೊರಗ ಬೀಳೂದಿದ್ರ ಎಡಕ್ಕಿರು. ಬಸ್ಸಿನ ಎಡಾ ಮಗ್ಗಲಾ ಸ್ಕೂಟಿ ತೂರಸಬ್ಯಾಡ. ದಾರಿ ತಪ್ಪಿದ್ರ ಅಡ್ಡ ಕೊಯ್ಯಬ್ಯಾಡ, ಇನ್ನೊಂದು ಸುತ್ತು ಹಾಕು. ರಾಣಿ ಚನ್ನಮ್ಮನ ಸುತ್ತ ಇನ್ನೊಂದು ಸುತ್ತು ಹಾಕಿದ್ರ ಏನ ಕಡಿಮಿ ಆಗ್ತದ?

ನಿನ್ನೆ ರವಿವಾರ ಅಕ್ಕನ ಮಗಳನ್ನ ಮನಿಗೆ ಕರಸಿದ್ದೆ. ಇಲ್ಲೆ ಲೈಸನ್ಸ್ ತಗೊಂಡು ಮೂರು ವರ್ಷ ಆದಾವರು ಕಲಿಯಾವರ ಬಾಜೂ ಕೂಡಬಹುದು. ಆಕಿಗೆ ಬ್ಯಾರೆ ಇನ್ಶೂರನ್ಸ್ ತಗದು, ನಮ್ಮ ಗಾಡಿಗೆ ಮುಂದ ಹಿಂದ ಕೆಂಪು ಎಲ್ ಹಚ್ಚಿ ಮುಂಜಾನೆ ಏಳಕ್ಕ ಹೊಂಟ್ವಿ, ರೋಡು ಖಾಲಿ. ನಾ ಬಾಯಿ ಮುಚಗೊಂಡ ಕೂತೆ. ಭಾಳ ಕಷ್ಟದ ಕೆಲಸ ಅದು, ಇವರಿಗೆ ಹ್ಯಾಂಗ ಆಗಿರಬೇಕು ಅಂತ ಈಗ ತಿಳೀತು. ಮೂರನೇ ರೌಂಡ್‌ಅಬೌಟಿನಾಗ ಆಕಿ ನಮ್ಮ ದಾರಿ ಬಿಟ್ಲು. ಸ್ಟೇರಿಂಗ್ ಮ್ಯಾಲಿನ ಬಟ್ಟು ಬೆಳ್ಳಗಾದ್ವು. ಹೊಳ್ಳಿಸಲಿಲ್ಲ, ನಿಲ್ಲಿಸಲಿಲ್ಲ.

"ಇನ್ನೊಂದು ಹಾಕಲೇನು ಮೌಶಿ?" ಅಂದ್ಲು.

"ಹಾಕವಾ" ಅಂದೆ.